ಬೆಲ್ಟೋ, ಗಿಯರೋ

ಇವತ್ತು ಬೆಲ್ಟೋ ಗಿಯರೋ ಹೇಳಿಬಿಡಬೇಕು ಎಂದುಕೊಂಡೇ ಆರ್ಡೆಲ್ ಎದ್ದಿದ್ದ. ಹಾಗೆಂದುಕೊಂಡು ಎದ್ದ ಶನಿವಾರಗಳಲ್ಲಿ ಇದು ಎಷ್ಟನೆಯದೋ ಅವನಿಗೇ ನೆನಪಿರಲಿಲ್ಲ. ಗಡ್ಡ ಹೆರೆಯುತ್ತ ಕನ್ನಡಿಯೊಳಗಿನವನಿಗೆ 'ಗಿಯರ್' ಎಂದು ಹೇಳಿ ನೋಡಿದ. ಮಾತೇನೋ ಸಲೀಸಾಗಿ ಬಂತು, ಮುಖ ಮಾತ್ರ ಒಪ್ಪಲಿಲ್ಲ. ಮೂವತ್ತೆಂಟು ವರ್ಷ ಹೈಸ್ಕೂಲಿನ ವರ್ಕ್‌ಶಾಪಿನಲ್ಲಿ ಮಕ್ಕಳಿಗೆ ಲೋಹ ಕಡೆಯುವ ಲೇತ್ ಕೆಲಸ ಕಲಿಸಿದವನು ಅವನು. ಮುರಿದ ಸಾಮಾನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತ ಮಕ್ಕಳ ಮುಖ ಹೇಗಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಯಲ್ಲಿ ಅಂಥದೇ ಒಂದು ಮುಖ ಅರ್ಧ ನೊರೆ ಬಳಿದುಕೊಂಡು ಅವನನ್ನು ನೋಡುತ್ತಿತ್ತು. ಅವನು ಅವಸರವಾಗಿ ಮುಖ ತೊಳೆದುಕೊಂಡು ಕೆಳಗಿಳಿದ.

ಅಡುಗೆಮನೆಯಲ್ಲಿ ಹೆಂಡತಿ ಮಾರ್ಲಿಸ್ ರೂಬಾರ್ಬ್ ಎಂಬ ಹುಳಿದಂಟು ಹಾಕಿ ಬೇಯಿಸಿದ ಸಿಹಿಯನ್ನು ತಟ್ಟೆಯಲ್ಲೇ ಚೌಕ ಚೌಕವಾಗಿ ಕುಯ್ಯುತ್ತಿದ್ದಳು. "ವರ್ಲಿನ್ ಮನೆಗೆ ತಾನೆ? ಬರಿಗೈಲಿ ಹೋಗ್ಬೇಡ. ಈ ತಟ್ಟೆ ಲವಾನ್‌ದೇ, ಎಷ್ಟು ದಿನದಿಂದ ಇಲ್ಲೇ ಬಿದ್ದಿದೆ. ವಾಪಸ್ ಕೊಟ್ಟ ಹಾಗೂ ಆಗತ್ತೆ."

"ಕೊಡ್ತೀನಿ."

"ಅದೇನೋ ಇವತ್ತಾದ್ರೂ ಇತ್ಯರ್ಥ ಮಾಡ್ಕೊಂಡು ಬಾ. ಮೂಗಿಲ್ಲದ ವಿಮಾನ ಇಟ್ಕೊಂಡು ಹನ್ನೊಂದು ವರ್ಷ ಆಯ್ತು. ನನ್ನ ಆರಿಸೋಕೆ ನಿಂಗೆ ಹದಿನೈದು ದಿನ ಸಾಕಾಗಿತ್ತು."

"ಅದ್ರಲ್ಲಿ ಆರಿಸೋದೇನಿತ್ತು? ಇದ್ದಿದ್ದು ಒಬ್ಳೇ."

ಅವಳು ನಕ್ಕು ಒದ್ದೆ ಬಟ್ಟೆಯಿಂದ ಅವನ ತೋಳಿಗೆ ಹೊಡೆದಳು. ಅವನೂ ನಕ್ಕ. ನಗು ಬಂದದ್ದಕ್ಕೆ ಅವನಿಗೇ ಸಿಟ್ಟು ಬಂತು. ಗೆಳೆಯ ವರ್ಲಿನ್‌ಗೆ ಕಾಲಿನ ಸ್ವಾಧೀನ ಹೋದ ಮೇಲೆ, ನಕ್ಕಾಗಲೆಲ್ಲ ಯಾರದೋ ಮನೆಯ ವಸ್ತುವನ್ನು ಕೇಳದೆ ಎತ್ತಿಕೊಂಡ ಹಾಗೆ ಆಗುತ್ತಿತ್ತು.

ಗ್ಯಾರೇಜಿನಲ್ಲಿ ವಿಮಾನ ನಿಂತಿತ್ತು. ಇಬ್ಬರು ಅಕ್ಕಪಕ್ಕ ಕೂರುವಷ್ಟು ಪುಟ್ಟದು. ಒಂದೊಂದು ತಗಡನ್ನೂ ಅವನೇ ಕತ್ತರಿಸಿದ್ದು, ಒಂದೊಂದು ರಿವೆಟ್ಟನ್ನೂ ಅವನೇ ಹೊಡೆದದ್ದು. ರೆಕ್ಕೆ ಮುಗಿದಿತ್ತು, ಬಾಲ ಮುಗಿದಿತ್ತು, ಸೀಟಿಗೆ ಮಾರ್ಲಿಸ್ ಬಟ್ಟೆಯನ್ನೂ ಹೊಲಿದು ಕೊಟ್ಟಿದ್ದಳು. ಮುಂದೆ ಎಂಜಿನ್ ಇರಬೇಕಾದ ಕಡೆ ಎರಡು ಮರಳಿನ ಚೀಲ ನೇತುಹಾಕಿದ್ದ, ಇಲ್ಲವಾದರೆ ಬಾಲ ಕುಸಿದು ನೆಲಕ್ಕೆ ತಾಗುತ್ತಿತ್ತು. ಅಲ್ಲಿಗೆ ಯಾವ ಎಂಜಿನ್ ಎಂಬುದು ವಿಮಾನ ಶುರುಮಾಡಿದ ದಿನವೇ ತೀರ್ಮಾನವಾಗಿತ್ತು. ವರ್ಲಿನ್ ತೀರ್ಮಾನಿಸಿದ್ದ, ಇವನು ತಲೆಯಾಡಿಸಿದ್ದ. ಹಳೆಯ ಕಾರಿನ ರೋಟರಿ ಎಂಜಿನ್. ಅದರಲ್ಲಿ ಮೇಲೆ ಕೆಳಗೆ ಕುಟ್ಟುವ ಪಿಸ್ಟನ್ನೇ ಇಲ್ಲ. ಶೇಂಗಾಕಾಯಿಯ ಆಕಾರದ ಗೂಡಿನೊಳಗೆ ಮೂರು ಮೂಲೆಯ ಉಕ್ಕಿನ ತುಂಡೊಂದು ಸುತ್ತುತ್ತದೆ, ಅಷ್ಟೆ. ಕೆಡುವುದಕ್ಕೆ ಅದರೊಳಗೆ ಏನೂ ಇಲ್ಲ ಎಂದು ವರ್ಲಿನ್ ಹೇಳುತ್ತಿದ್ದ. ಆದರೆ ಅದು ನಿಮಿಷಕ್ಕೆ ಆರು ಸಾವಿರ ಸುತ್ತು ಸುತ್ತುತ್ತದೆ. ಪ್ರೊಪೆಲ್ಲರ್ ಅದರ ಅರ್ಧದಷ್ಟನ್ನೂ ತಾಳುವುದಿಲ್ಲ. ಆದ್ದರಿಂದ ನಡುವೆ ವೇಗ ಇಳಿಸುವ ಒಂದು ಏರ್ಪಾಡು ಬೇಕು. ಅಂಗಡಿಯಿಂದ ಗಿಯರ್‌ಪೆಟ್ಟಿಗೆ ತರಿಸಬಹುದು, ಇಲ್ಲವೆ ಎರಡು ರಾಟೆಗೆ ಹಲ್ಲಿನ ಬೆಲ್ಟು ಹಾಕಿ ಮನೆಯಲ್ಲೇ ಮಾಡಿಕೊಳ್ಳಬಹುದು. ಇಂಥದೇ ಎಂಜಿನ್ ಹಾಕಿದ ತನ್ನ ವಿಮಾನಕ್ಕೆ ವರ್ಲಿನ್ ಬೆಲ್ಟಿನದು ಮಾಡಿಕೊಂಡಿದ್ದ. ನಕ್ಷೆ ಅವನದು. ಕೆಳಗಿನ ರಾಟೆಯನ್ನು ಹೊತ್ತ ಶಾಫ್ಟನ್ನು ಲೇತ್‌ನಲ್ಲಿ ಕಡೆದು ಕೊಟ್ಟವನು ಆರ್ಡೆಲ್.

ಅವನು ಸಿಹಿಯ ತಟ್ಟೆಯನ್ನು ಪಿಕಪ್ಪಿನ ಪಕ್ಕದ ಸೀಟಿನ ಮೇಲಿಟ್ಟು, ಜಾರದಿರಲೆಂದು ಅದಕ್ಕೂ ಬೆಲ್ಟು ಕಟ್ಟಿದ.

ಅಕ್ಟೋಬರಿನ ಮಿನ್ನೆಸೋಟದಲ್ಲಿ ರಸ್ತೆಯ ಎರಡೂ ಕಡೆ ಸೋಯಾ ಕಟಾವಿನ ಧೂಳು. ಆ ಧೂಳಿನ ವಾಸನೆಗೆ ಅವನಿಗೆ ಹೋದ ವರ್ಷದ ಆಗಸ್ಟ್ ನೆನಪಾಗಬಾರದಿತ್ತು, ಆಗ ಹೊಲ ಇನ್ನೂ ಹಸಿರಾಗಿತ್ತು. ಆದರೂ ನೆನಪಾಯಿತು. ಹುಲ್ಲಿನ ರನ್‌ವೇ ಪಕ್ಕದ ಶೆಡ್ಡಿನಲ್ಲಿ ಕ್ಲಬ್ಬಿನವರೆಲ್ಲ ಪ್ಯಾನ್‌ಕೇಕ್ ತಿನ್ನುತ್ತ ಕೂತಿದ್ದರು. ಮನೆಯಲ್ಲಿ ವಿಮಾನ ಕಟ್ಟುವವರ ಕ್ಲಬ್ಬು, ಹದಿನಾರು ಜನ, ಅದರಲ್ಲಿ ಹಾರಿಸಿದವರು ಆರೇ ಜನ. ಅಲ್ಲಿ ಯಾರೂ ಯಾರಿಗೂ ಹೀಗೆ ಮಾಡು ಎನ್ನುವುದಿಲ್ಲ. ಕಂಡದ್ದು ಹೇಳುತ್ತಾರೆ, ಕಾಫಿ ಹೀರುತ್ತಾರೆ, ಕೊನೆಗೆ "ವಿಮಾನ ನಿಂದು" ಎನ್ನುತ್ತಾರೆ. ಇನ್ನೊಬ್ಬನ ವಿಮಾನಕ್ಕೆ ಕೈ ಹಾಕುವುದು ಇನ್ನೊಬ್ಬನ ಸಂಸಾರಕ್ಕೆ ಕೈ ಹಾಕಿದಂತೆ. ಅಂದು ವರ್ಲಿನ್ ಇಪ್ಪತ್ತೆರಡು ಗಂಟೆ ಹಾರಿಸಿ ಮುಗಿಸಿದ್ದ ವಿಮಾನವನ್ನು ಇಪ್ಪತ್ಮೂರನೆಯ ಗಂಟೆಗೆ ಮೇಲೆತ್ತಿದ. ಮರಗಳ ಸಾಲು ದಾಟಿದ ಕೂಡಲೇ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಮೇಲೇರಿತು. ತೆಳ್ಳಗಾಗಿ, ಕೀರಲಾಗಿ, ಮೇಲೆ ಮೇಲೆ. ಯಾರೋ "ಏನು ಜೋರಪ್ಪಾ!" ಎಂದು ಶಿಳ್ಳೆ ಹಾಕಿದರು. ಆರ್ಡೆಲ್ ಫೋರ್ಕು ಕೆಳಗಿಟ್ಟ. ಹೊತ್ತ ಹೊರೆ ಕಳಚಿ ಬಿದ್ದ ಎಂಜಿನ್ ಮಾತ್ರ ಹಾಗೆ ಕೂಗುತ್ತದೆಂದು ಅವನಿಗೆ ಗೊತ್ತಿತ್ತು. ಹೊರೆ ಎಲ್ಲಿ ಕಳಚಿತು ಎಂಬುದೂ ಗೊತ್ತಿತ್ತು. ಬೆಲ್ಟು ಹರಿದಿರಬಹುದಿತ್ತು, ರಾಟೆ ಸಡಿಲವಾಗಿರಬಹುದಿತ್ತು, ಅಂಥ ಹತ್ತು ಸಾಧ್ಯತೆಗಳಿದ್ದವು. ಅವನ ಮನಸ್ಸು ಒಂದರ ಬಳಿಯೂ ಹೋಗಲಿಲ್ಲ. ನೇರವಾಗಿ ಕೆಳಗಿನ ಶಾಫ್ಟಿನ ಮೆಟ್ಟಿಲಿನಂಥ ಜಾಗಕ್ಕೆ, ದಪ್ಪ ಮುಗಿದು ಸಣ್ಣ ಶುರುವಾಗುವ ಆ ಒಳಮೂಲೆಗೆ ಹೋಗಿ ನಿಂತಿತು. ವಿಮಾನ ಸೋಯಾ ಹೊಲದೊಳಗೆ ಮುಳುಗಿದ್ದು ಅದಾದ ಮೇಲೆ.

ಹಿಂದೆ ಯಾರೋ ಹಾರ್ನ್ ಮಾಡಿದರು. ನಾಲ್ಕು ದಾರಿ ಕೂಡುವಲ್ಲಿ ಅವನು ಗಾಡಿ ನಿಲ್ಲಿಸಿಕೊಂಡು ಕೂತಿದ್ದ. ಹಿಂದಿದ್ದದ್ದು ಕಟಾವು ಯಂತ್ರ. ಮೇಲೆ ಕೂತಿದ್ದವನು ಪರಿಚಯದ ರೈತ, ಬೈಯಲಿಲ್ಲ, ಕೈ ಬೀಸಿದ. ಬೈದಿದ್ದರೆ ಚೆನ್ನಾಗಿತ್ತು.

ಲವಾನ್ ಬಾಗಿಲಲ್ಲೇ ತಟ್ಟೆ ಇಸಿದುಕೊಂಡಳು. ವರ್ಲಿನ್‌ನ ಹೆಂಡತಿ ಮೊದಲಿನಿಂದಲೂ ಮಾತಿನ ಮಲ್ಲಿ. "ಬಂದ್ರಾ ಮಾಸ್ಟ್ರು! ನಮ್ಮನೆ ತಟ್ಟೆಗಿನ್ನೂ ಜೀವ ಇದೆ ಅಂತ ಇವತ್ತು ಗೊತ್ತಾಯ್ತು. ಹೋಗಿ, ಬೆಳಿಗ್ಗೆ ಐದರಿಂದ ಶೆಡ್ಡಲ್ಲಿ ಕೂತು ಎಂಜಿನ್ ಒರೆಸ್ತಿದಾರೆ. ಮಗಳ ಮದುವೇಲೂ ಇಷ್ಟು ಸಡಗರ ಇರ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ನೀವು ತಗೊಂಡ್ಹೋಗ್ತೀರಿ ತಾನೆ? ಇಲ್ಲ ಅಂತ ಮಾತ್ರ ಅನ್ಬೇಡಿ. ಅದೊಂದೇ ಹಿಡ್ಕೊಂಡು ಬದುಕಿದಾರೆ," ಎಂದಳು.

ಇಲ್ಲ ಎನ್ನುವ ದಾರಿಯೂ ಹೀಗೆ ಬಾಗಿಲಲ್ಲೇ ಮುಚ್ಚಿಹೋಯಿತು. ಬಿದ್ದ ವಿಮಾನದಿಂದ ಬಿಚ್ಚಿದ ಎಂಜಿನ್ನನ್ನು ನಿನಗೇ ಕೊಡುತ್ತೇನೆ ಎಂದು ವರ್ಲಿನ್ ಹೇಳಿದ್ದ. ಎಲ್ಲರೂ ಹಾಕುವ ಮಾಮೂಲಿ ವಿಮಾನದ ಎಂಜಿನ್ನನ್ನೇ ಹಾಕಿಕೊಳ್ಳುತ್ತೇನೆ, ವಯಸ್ಸಾಯಿತು, ಹೊಸ ಪ್ರಯೋಗ ಬೇಡ ಎಂಬ ಮಾತನ್ನು ಅವನು ಮೂರು ತಿಂಗಳು ಬಾಯಲ್ಲಿಟ್ಟುಕೊಂಡು ಓಡಾಡಿದ್ದ.

ವರ್ಲಿನ್ ಗಾಲಿಕುರ್ಚಿಯಲ್ಲಿ ಕೂತು ಎಂಜಿನ್ನಿನ ಪಕ್ಕೆಯನ್ನು ಬಟ್ಟೆಯಿಂದ ಉಜ್ಜುತ್ತಿದ್ದ. ಎಂಜಿನ್ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಅವನ ಎದೆಯ ಮಟ್ಟಕ್ಕೆ. ಕಾಲು ಒಣಗಿದಷ್ಟೂ ತೋಳು ದಪ್ಪವಾಗಿದ್ದವು. "ಬಾರಯ್ಯ," ಎಂದ. "ಸೀಲ್ ಎಲ್ಲ ಹೊಸದು ಹಾಕಿದೀನಿ. ಒಳಗೆ ಒಂದು ಗೀರಿಲ್ಲ. ಹೊಲದಿಂದ ನನ್ನ ಎಳೀತಿದ್ರಲ್ಲ, ಆಗ್ಲೂ ಓಡ್ತಿತ್ತು ನನ್ಮಗಂದು. ಕೀಲಿ ತಿರುಗ್ಸಿ ಆರಿಸ್ಬೇಕಾಯ್ತು. ನನ್ನ ಸೊಂಟ ಮುರೀತು, ಇದಕ್ಕೇನಾಗಿದೆ?"

"ಏನೂ ಆಗಿಲ್ಲ."

"ಕೇಳ್ತೀಯಾ?"

ಬೇಡ ಎನ್ನುವಷ್ಟರಲ್ಲಿ ವರ್ಲಿನ್ ಬಟನ್ ಒತ್ತಿದ್ದ. ಎಂಜಿನ್ ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಬೆಂಚಿನ ಮೇಲಿನ ತಿರುಪುಗಳು ಡಬ್ಬಿಯೊಳಗೇ ಗಲಗಲ ಎಂದವು. ವರ್ಲಿನ್ ಅವನ ಕಡೆ ನೋಡುತ್ತಲೇ ಕೈಯಲ್ಲಿದ್ದ ವೇಗದ ಹಿಡಿಯನ್ನು ಮುಂದಕ್ಕೆ ತಳ್ಳಿದ. ಹೊರೆಯಿಲ್ಲದ ಎಂಜಿನ್ನಿನ ಸದ್ದು ಮೇಲೇರಿತು, ತೆಳ್ಳಗಾಗಿ, ಕೀರಲಾಗಿ. ಆರ್ಡೆಲ್ ಬೆಂಚಿನ ಅಂಚು ಹಿಡಿದುಕೊಂಡ. ಆ ಸದ್ದಿನೊಳಗೆ ಪ್ಯಾನ್‌ಕೇಕಿನ ವಾಸನೆ ಇತ್ತು, ಶಿಳ್ಳೆ ಇತ್ತು. ಅದರ ಹಿಂದೆ ಇನ್ನೊಂದು ಸದ್ದು, ಅವನ ಸ್ವಂತ ಲೇತ್‌ನದು, ಒಂದು ಶುಕ್ರವಾರ ಸಂಜೆಯದು. ಶಾಫ್ಟು ಮುಗಿದಿತ್ತು. ಒಳಮೂಲೆಯನ್ನು ಅವನು ಸರಿಯಾಗಿ ದುಂಡಗೆ ಬಿಟ್ಟಿದ್ದ. ಆದರೆ ವರ್ಲಿನ್ ತಂದ ರಾಟೆ ಆ ದುಂಡಿನ ಮೇಲೆ ಹತ್ತಿ ಕೂತು, ಮೆಟ್ಟಿಲಿಗೆ ಸಪಾಟಾಗಿ ಒರಗಲಿಲ್ಲ, ಕೂದಲೆಳೆಯಷ್ಟು ಸಂದಿ. ರಾಟೆಯ ತೂತಿನ ಅಂಚನ್ನು ಸ್ವಲ್ಪ ಓರೆಯಾಗಿ ಹೆರೆದಿದ್ದರೆ ಆಗುತ್ತಿತ್ತು. ಅದಕ್ಕೆ ರಾಟೆಯನ್ನು ಲೇತ್‌ಗೆ ಕಟ್ಟಬೇಕು, ಅದರ ನಡು ಸರಿಯಾಗಿ ಹೊಂದಿಸಬೇಕು, ಒಂದು ಗಂಟೆಯ ಕೆಲಸ. ಚರ್ಚಿನಲ್ಲಿ ಮೀನಿನ ಊಟ ಶುರುವಾಗಿತ್ತು, ಇಬ್ಬರ ಹೆಂಡತಿಯರೂ ಎರಡೆರಡು ಸಲ ಫೋನ್ ಮಾಡಿದ್ದರು. ಆರ್ಡೆಲ್ ಚೂಪು ಟೂಲ್ ಹಾಕಿ ಮೂಲೆಯ ದುಂಡನ್ನೇ ತೆಗೆದುಬಿಟ್ಟ. ಎರಡು ನಿಮಿಷ. ರಾಟೆ ಸಪಾಟಾಗಿ ಕೂತಿತು. ವರ್ಲಿನ್ "ನಿನ್ನ ಕೈಗೆ ಮುತ್ತು ಕೊಡ್ಬೇಕು ಕಣೋ" ಎಂದ. ಉಕ್ಕಿಗೆ ಚೂಪು ಮೂಲೆ ಬಿಡಬೇಡಿ, ಬಿರುಕು ಅಲ್ಲೇ ಹುಟ್ಟುತ್ತದೆ ಎಂದು ಮೂವತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದವನು, ಇದೇ ತಪ್ಪಿಗೆ ಒಂದು ಹುಡುಗಿಯ ಮೂರು ವಾರದ ಕೆಲಸವನ್ನು ಇಡೀ ಕ್ಲಾಸಿನ ಮುಂದೆ ಗುಜರಿ ಡಬ್ಬಿಗೆ ಎಸೆದವನು, ಆ ಸಂಜೆ ಕೈ ತೊಳೆದುಕೊಂಡು ಹೋಗಿ ಮೀನು ತಿಂದ. ಮರೆತು ಮಾಡಿದ್ದಾಗಿದ್ದರೆ ಹೇಗೋ ಸಹಿಸಬಹುದಿತ್ತು. ಟೂಲ್ ತಾಗಿಸುವಾಗ ಅವನಿಗೆ ಗೊತ್ತಿತ್ತು. ಇದೊಂದಕ್ಕೆ ಏನೂ ಆಗುವುದಿಲ್ಲ ಎಂದುಕೊಂಡಿದ್ದ.

ವರ್ಲಿನ್ ಎಂಜಿನ್ ಆರಿಸಿದ. ಸದ್ದು ನಿಂತ ಮೇಲೂ ಕಿವಿ ಗುಂಯ್ ಎನ್ನುತ್ತಿತ್ತು.

"ಬೆವರ್ತಿದೀಯಲ್ಲೋ."

"ಹೊಗೆ."

"ಸರಿ, ಈಗ್ಲಾದ್ರೂ ಹೇಳು. ಬೆಲ್ಟೋ ಗಿಯರೋ?"

"ಗಿಯರ್," ಎಂದ ಆರ್ಡೆಲ್. ಕನ್ನಡಿಯ ಮುಂದೆ ಹೇಳಿದ್ದಕ್ಕಿಂತ ಬೇಗ ಹೇಳಿದ. ಹೇಳಿದವನು ಅಲ್ಲಿಗೆ ನಿಲ್ಲಿಸಬಹುದಿತ್ತು. ವಿಮಾನ ಅವನದು, ಕ್ಲಬ್ಬಿನ ರೀತಿಯಲ್ಲಿ ಕಾರಣ ಕೊಡುವ ಗರಜೇ ಇರಲಿಲ್ಲ. ಆದರೆ ಕಾರಣಗಳನ್ನು ವಾರಗಟ್ಟಲೆ ಕಂಠಪಾಠ ಮಾಡಿಕೊಂಡು ಬಂದಿದ್ದನಲ್ಲ, ಅವು ಒಂದರ ಹಿಂದೆ ಒಂದು ತಾವಾಗಿಯೇ ಹೊರಟವು. ಬೆಲ್ಟು ರಾಟೆಯನ್ನು ಯಾವಾಗಲೂ ಒಂದೇ ಕಡೆ ಜಗ್ಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಚಳಿಗಾಲದಲ್ಲಿ ಬೆಲ್ಟು ಬಿಗಿ ತಪ್ಪುತ್ತದೆ. ಬೆಲ್ಟಿನ ಏರ್ಪಾಡಾದರೆ ಪ್ರೊಪೆಲ್ಲರ್ ಎಂಜಿನ್ನಿಗಿಂತ ಒಂದು ಗೇಣು ಮೇಲೆ ಕೂರುತ್ತದೆ, ತನ್ನ ಮೂಗಿನ ಕವಚಕ್ಕೆ ಅದು ಹೊಂದುವುದಿಲ್ಲ.

"ಯಾವ ಕವಚ?"

"ಮೂಗಿಂದು."

"ಅದನ್ನ ಯಾವಾಗ ಮಾಡ್ದೆ? ಅಲ್ಲಿ ಮರಳಿನ ಚೀಲ ಇದೆ ಅಂತಿದ್ಲು ಮಾರ್ಲಿಸ್."

ಆರ್ಡೆಲ್‌ನ ಕಿವಿ ಬಿಸಿಯಾಯಿತು. "ಮಾಡ್ಬೇಕು ಅಂತಿರೋದಕ್ಕೆ," ಎಂದ.

"ಮಾಡದೇ ಇರೋದಕ್ಕೆ ಹೊಂದಲ್ಲ ಅನ್ನು." ವರ್ಲಿನ್ ನಗಲಿಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡ. "ನಂಗೇನನ್ಸತ್ತೆ ಗೊತ್ತಾ? ಬೆಲ್ಟೇ ಹಾಕು. ನನ್ನ ನಕ್ಷೆ ಇದೆ. ಶಾಫ್ಟ್ ನೀನೇ ಮಾಡ್ಕೋ. ನಿನ್ನಂಥ ಕೈ ಈ ಜಿಲ್ಲೇಲಿ ಇನ್ನೊಂದಿಲ್ಲ."

"ಕಣ್ಣು ಮೊದ್ಲಿನ ಹಾಗಿಲ್ಲ, ವರ್ಲಿನ್."

"ಹೋದ ತಿಂಗಳು ಚರ್ಚಿನ ಗಂಟೆಗೆ ಅಚ್ಚು ಕಡೆದು ಕೊಟ್ಟೆ."

"ಅದು ದೊಡ್ಡ ಕೆಲಸ. ಇದು ಸೂಕ್ಷ್ಮ."

"ಹೂಂ," ಎಂದ ವರ್ಲಿನ್. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತಿರುಗಿಸಿ, ಬೆಂಚಿನ ಕೆಳಗಿನ ಡ್ರಾಯರ್ ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಆರ್ಡೆಲ್ ಸಹಾಯಕ್ಕೆ ಬಗ್ಗಿದ. ವರ್ಲಿನ್ ಕೈಯೆತ್ತಿ ಬೇಡ ಎಂದ. ಡ್ರಾಯರನ್ನು ಎರಡು ಸಲ ಕುಲುಕಿ ತೆರೆದು, ಎಣ್ಣೆಬಟ್ಟೆಯ ಗಂಟೊಂದನ್ನು ತೆಗೆದು ಬೆಂಚಿನ ಮೇಲಿಟ್ಟ. ಬಿಚ್ಚಲಿಲ್ಲ. ಸುತ್ತಿದ ಬಟ್ಟೆಯ ಮೇಲಿನಿಂದಲೇ ಅದರ ಉದ್ದ, ದಪ್ಪ, ಎರಡು ತುಂಡಾಗಿದ್ದದ್ದು ಎಲ್ಲ ಆರ್ಡೆಲ್‌ಗೆ ಗುರುತು ಸಿಕ್ಕಿತು.

"ಸರ್ಕಾರದವ್ರು ಬಂದಿದ್ರಲ್ಲ, ಅವ್ರು ನೋಡಿ ವಾಪಸ್ ಕೊಟ್ಟದ್ದು. ಉಕ್ಕು ದಣಿದು ಮುರಿದಿದೆ ಅಂತ ಬರ್ಕೊಂಡ್ರು. ಮನೇಲಿ ಕಟ್ಟಿದ ವಿಮಾನ, ಮನೇಲಿ ಮಾಡಿದ ಭಾಗ. ಅಷ್ಟೇ. ಯಾರ ಮನೆ ಅಂತ ಅವ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಆರ್ಡೆಲ್ ಬೆಂಚಿನ ಮೇಲಿನ ತಿರುಪಿನ ಡಬ್ಬಿಯನ್ನು ಆಚೆ ಸರಿಸಿದ.

"ಲವಾನ್ ಇದನ್ನ ಎಸೀರಿ ಅಂತ ಹಟ ಹಿಡಿದ್ಲು. ಬಿಸಾಡ್ಲಿಲ್ಲ. ಯಾಕೆ ಗೊತ್ತಾ? ನೀನು ಬಂದು ನೋಡ್ತೀಯ ಅಂತ." ವರ್ಲಿನ್ ಗಂಟನ್ನೇ ನೋಡುತ್ತ ಮಾತಾಡುತ್ತಿದ್ದ. "ನನ್ನ ಮಗಳೂ ನಿನ್ನ ಕ್ಲಾಸಲ್ಲಿ ಓದಿದೋಳು. ಏನಾದ್ರೂ ಮುರಿದ್ರೆ ಮೊದ್ಲು ಮುರಿದ ಜಾಗ ನೋಡ್ಬೇಕು, ಆಮೇಲೆ ಮಾತಾಡ್ಬೇಕು ಅಂತ ಮಾಸ್ಟ್ರು ಹೇಳಿದಾರೆ ಅಂತ ಮನೇಲಿ ಪ್ರಾಣ ತಿಂತಿದ್ಲು. ಆಸ್ಪತ್ರೆಗೆ ಎಷ್ಟು ಸಲ ಬಂದೆ ನೀನು? ಹೂ ತಂದೆ, ಪೇಪರ್ ಓದಿದೆ, ನಮ್ಮನೆ ಹುಲ್ಲು ಕಡೀತಾ ಇದೀಯ, ಆ ಇಳಿಜಾರು ಹಲಗೆ ಹಾಕ್ಕೊಟ್ಟೆ. ಹದಿನಾಲ್ಕು ತಿಂಗಳು. ಒಂದೇ ಒಂದ್ಸಲ ಶಾಫ್ಟ್ ಎಲ್ಲಿ, ತೋರ್ಸು ಅಂದ್ಯಾ?"

ಇಲ್ಲ. ಕೇಳಿರಲಿಲ್ಲ. ಬೆಲ್ಟಿಗೆ ಏನಾಯಿತು ಎಂದು ಕೇಳಿದ್ದ, ಬೇರಿಂಗ್ ಹೇಗಿತ್ತು ಎಂದಿದ್ದ, ನಡುಕದ ಬಗ್ಗೆ ಪುಸ್ತಕ ತಂದುಕೊಟ್ಟಿದ್ದ. ಶಾಫ್ಟಿನ ಸುತ್ತ ಹದಿನಾಲ್ಕು ತಿಂಗಳು ಪ್ರದಕ್ಷಿಣೆ ಹಾಕಿದ್ದ. ಅಡಗಿಸಿಟ್ಟಿದ್ದೇನೆಂದು ಅವನು ತಿಳಿದದ್ದು ಎದುರಿಗಿದ್ದವನಿಗೆ ಮೊದಲ ವಾರದಲ್ಲೇ ಕಂಡಿತ್ತು, ಆರ್ಡೆಲ್ ಶಾಫ್ಟನ್ನು ನೋಡಲು ಕೇಳದೇ ಇದ್ದುದರಿಂದಲೇ ಕಂಡಿತ್ತು.

"ಮೂಲೆ," ಎಂದ. ದನಿ ಹೊರಬಂದದ್ದು ಅವನಿಗೇ ಆಶ್ಚರ್ಯವಾಯಿತು. "ಮೂಲೆ ದುಂಡು ತೆಗೆದ್ಬಿಟ್ಟೆ. ನಾನೇ. ರಾಟೆ ಕೂರ್ಲಿ ಅಂತ. ಗೊತ್ತಿತ್ತು ನಂಗೆ."

"ಹೂಂ."

"ಗೊತ್ತಿದ್ದೂ ಮಾಡ್ದೆ, ವರ್ಲಿನ್."

"ಗೊತ್ತು. ಪಕ್ಕದಲ್ಲೇ ನಿಂತಿದ್ನಲ್ಲ. ಬೇಗ ಮಾಡು ಮಾರಾಯ ಅಂತ ನಾನೂ ಅವಸರ ಮಾಡ್ತಿದ್ದೆ."

ವರ್ಲಿನ್‌ನ ಮುಖದ ಮೇಲೆ ಸಿಟ್ಟು ಇದೆಯೇ ಎಂದು ಆರ್ಡೆಲ್ ಹುಡುಕಿದ, ಇರಲಿ ಎಂದು ಬಯಸಿ ಹುಡುಕಿದ. ಇರಲಿಲ್ಲ. ಪರವಾಗಿಲ್ಲ ಎನ್ನುವ ಮುಖವೂ ಅಲ್ಲ ಅದು. ಬಹಳ ದಿನ ಕಾದು, ಕಾಯುವುದು ಮುಗಿದು, ಮುಗಿದದ್ದರಿಂದ ಏನೂ ಸಿಗದವನ ಹಾಗೆ ಅವನು ಕೂತಿದ್ದ. ಆರ್ಡೆಲ್‌ಗೆ ಮೊಣಕಾಲೂರಿ ಅಳಬೇಕೆನ್ನಿಸಿತು. ಊರಿದರೆ ಎದುರಿಗಿನವನ ಮಡಚಿಟ್ಟ ಕಾಲುಗಳ ಮಟ್ಟಕ್ಕೇ ಮುಖ ಬರುತ್ತಿತ್ತು. ಅದಕ್ಕೂ ಧೈರ್ಯ ಸಾಲಲಿಲ್ಲ.

"ಏನ್ಮಾಡ್ಲಿ ಹೇಳು," ಎಂದ. "ನೀನು ಹೇಳಿದ ಹಾಗೆ ಮಾಡ್ತೀನಿ. ಬೆಲ್ಟ್ ಅಂದ್ರೆ ಬೆಲ್ಟ್. ಎಂಜಿನ್ ಮುಟ್ಬೇಡ ಅಂದ್ರೂ ಸರಿ."

ವರ್ಲಿನ್ ತಲೆ ಅಲ್ಲಾಡಿಸಿದ. "ಎಂಜಿನ್ ನಿಂದೇ. ಕೊಡ್ತೀನಿ ಅಂದಿದೀನಿ, ತಗೊಂಡ್ಹೋಗು."

"ಯಾವುದು ಹಾಕ್ಲಿ?"

"ಉಹೂಂ. ಅದು ನಾನು ಹೇಳಲ್ಲ." ಕ್ಲಬ್ಬಿನಲ್ಲಿ ಕಾಫಿ ಹೀರುತ್ತ ಎಷ್ಟೋ ಸಲ ಹೇಳಿದ ದನಿಯಲ್ಲೇ ಅವನು ಹೇಳಿದ: "ವಿಮಾನ ನಿಂದು."

ಅವನು ಕುರ್ಚಿಯನ್ನು ಎಂಜಿನ್ನಿನ ಕಡೆ ತಿರುಗಿಸಿಕೊಂಡು, ಈಗಾಗಲೇ ಹೊಳೆಯುತ್ತಿದ್ದ ಪಕ್ಕೆಯನ್ನು ಮತ್ತೆ ಉಜ್ಜತೊಡಗಿದ.

ಆರ್ಡೆಲ್ ಎಣ್ಣೆಬಟ್ಟೆ ಬಿಚ್ಚಿದ. ಎರಡು ತುಂಡು, ತುಕ್ಕು ಹಿಡಿಯದ ಹಾಗೆ ಯಾರೋ ಆಗಾಗ ಎಣ್ಣೆ ಸವರಿದ್ದರು. ಮುರಿದ ಮುಖದಲ್ಲಿ ಕಪ್ಪೆಚಿಪ್ಪಿನ ಮೇಲಿರುವಂಥ ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಬಿರುಕು ಒಂದೇ ಸಲಕ್ಕೆ ಆದದ್ದಲ್ಲ. ಹಾರಿದ ಒಂದೊಂದು ದಿನವೂ ಇಷ್ಟಿಷ್ಟೇ ಒಳಗೆ ನಡೆದಿತ್ತು. ವರ್ಲಿನ್ ಮೊದಲ ಸಲ ಹಾರಿ ಇಳಿದಾಗ ಇವನು ಅವನನ್ನು ಎತ್ತಿಕೊಂಡು ಕುಣಿದಿದ್ದ, ಅಂದು ಈ ಗೆರೆ. ಲವಾನ್‌ಳನ್ನು ಕೂರಿಸಿಕೊಂಡು ಕೆರೆಯ ಮೇಲೆ ಸುತ್ತು ಹೊಡೆದ ಭಾನುವಾರ ಈ ಗೆರೆ. ಎಲ್ಲ ಗೆರೆಗಳೂ ಹೊರಟದ್ದು ಆ ಮೂಲೆಯಿಂದ. ಉಗುರಿನಿಂದ ಮುಟ್ಟಿ ನೋಡಿದ. ಇನ್ನೂ ಚೂಪಾಗಿತ್ತು. ಅಚ್ಚುಕಟ್ಟಾದ ಕೆಲಸ.

ಅವನು ಎರಡು ತುಂಡುಗಳನ್ನು ಎರಡು ಕೈಯಲ್ಲಿ ಹಿಡಿದು ಒಂದಕ್ಕೊಂದು ತಾಗಿಸಿ, ನಿಧಾನವಾಗಿ ತಿರುಗಿಸಿದ. ಒಂದು ಕಡೆ ಕಚ್ಚಿಕೊಂಡವು. ಎಷ್ಟು ಸರಿಯಾಗಿ ಕೂಡಿದವೆಂದರೆ ಬಿರುಕಿನ ಗೆರೆಯೇ ಕಾಣದೆ ಶಾಫ್ಟು ಆ ಶುಕ್ರವಾರ ಸಂಜೆ ಲೇತ್‌ನಿಂದ ಇಳಿಸಿದ ಹಾಗೆ ಇಡಿಯಾಗಿ ಕಂಡಿತು.

ಇಳಿಜಾರು ಹಲಗೆಯ ಮೇಲೆ ಹೆಜ್ಜೆಯ ಸದ್ದಾಯಿತು. ಲವಾನ್ ಎರಡು ಕಪ್ ಕಾಫಿ ಹಿಡಿದು ಒಳಗೆ ಬಂದಳು. ಒಂದನ್ನು ಗಂಡನ ಪಕ್ಕದಲ್ಲಿಟ್ಟು, ಇನ್ನೊಂದನ್ನು ಆರ್ಡೆಲ್ ಮುಂದೆ ಚಾಚಿದಳು. "ಏನ್ ತೀರ್ಮಾನ ಆಯ್ತು ಇಬ್ಬರು ದೊಡ್ಡ ಮನುಷ್ಯರದ್ದು?"

ವರ್ಲಿನ್ ಉಜ್ಜುತ್ತಲೇ ಇದ್ದ.

"ತಗೊಳ್ಳಿ, ಆರ್ಡೆಲ್. ಬಿಸಿ ಇದೆ, ಕೈ ಸುಡ್ತಿದೆ ನಂಗೆ."

ಆರ್ಡೆಲ್ ಕಪ್ಪನ್ನು ನೋಡಿದ. ತೆಗೆದುಕೊಳ್ಳಬೇಕಾದರೆ ಕೂಡಿಸಿ ಹಿಡಿದ ಶಾಫ್ಟಿನಿಂದ ಒಂದು ಕೈ ಬಿಡಬೇಕಾಗಿತ್ತು.